ಶ್ರೀಪತಿಯವರ ನೀಲಿ

ಶನಿವಾರ, ಬೆಳಿಗ್ಗೆ ಏಳೂಕಾಲು. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ ಸುಮಿತ್ರ. ಊಟದ ಮೇಜಿನ ಮೇಲೆ ಎರಡನೆಯ ಸಲದ ಕಾಫಿ, ಮಡಿಸಿಟ್ಟ ಪತ್ರಿಕೆ, ಅದರ ಪಕ್ಕದಲ್ಲಿ ಒಂದು ಫೋಟೊ. ಮನೆಯಲ್ಲೇ ಅಚ್ಚು ಮಾಡಿದ ಹೊಸ ಫೋಟೊಗೆ ಒಂದು ವಾಸನೆ ಇರುತ್ತದೆ. ಅದು ಶಾಯಿಯದೂ ಅಲ್ಲ, ಕಾಗದದ್ದೂ ಅಲ್ಲ. ಹೊಸ ಚಪ್ಪಲಿಯ ಡಬ್ಬಿ ತೆರೆದಾಗ ಬರುತ್ತದಲ್ಲ, ಅದಕ್ಕೆ ಸ್ವಲ್ಪ ಹುಳಿ ಬೆರೆತಂತೆ. ಆ ವಾಸನೆ ಮೂಗಿಗೆ ಬಿದ್ದ ಕೂಡಲೇ, ತಿರುಗಿ ನೋಡುವ ಮೊದಲೇ, ಇದು ಯಾರ ಮನೆಯಿಂದ ಬಂದದ್ದೆಂದು ನನಗೆ ತಿಳಿಯಿತು. ನಮ್ಮ ಪ್ರಿಂಟರು ಈ ವಾರ ಶುರುವೇ ಆಗಿಲ್ಲ. ಇದು ತ್ಯಾಗರಾಜನಗರದ ಶ್ರೀಪತಿಯವರದು. ಅವರ ತಮ್ಮನ ಮಗಳು ಗಿರಿಜ ನಿನ್ನೆ ಸಂಜೆ ಕೊಟ್ಟುಹೋಗಿದ್ದಳು.

ಕನ್ನಡಕ ಏರಿಸಿ ನೋಡಿದೆ. ಹಳೆಯ ಸೀರೆಯೊಂದರ ಸೆರಗಿನ ಚಿತ್ರ. ಆ ಸೀರೆ ಹೋದ ವಾರ ಎರಡು ದಿನ ನಮ್ಮ ಮನೆಯಲ್ಲೇ ಇದ್ದದ್ದು. ಅದರ ಬಣ್ಣ ಈರುಳ್ಳಿ ಸಿಪ್ಪೆಯದು, ನಾನೇ ಕಣ್ಣಾರೆ ಕಂಡಿದ್ದೇನೆ. ಫೋಟೊದಲ್ಲಿ ಮಾತ್ರ ಈರುಳ್ಳಿ ಇರಲಿಲ್ಲ. ಎಳೆ ಬದನೆಕಾಯಿ ಇತ್ತು. ಬಿಳಿ ದಾರದಲ್ಲಿ ಹೆಣೆದ ಹೂಗಳೆಲ್ಲ, ಅವಸರದಲ್ಲಿ ಹೆಚ್ಚು ನೀಲಿ ಹಾಕಿ ಒಗೆದ ಪಂಚೆಯ ಹಾಗೆ ಕಾಣುತ್ತಿದ್ದವು.

ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ನನಗೆ ಬಹಳ ಸಂತೋಷವಾಯಿತು. ಎಷ್ಟೆಂದರೆ, ಆರಿಹೋಗಿದ್ದ ಕಾಫಿಯನ್ನು ಹಾಗೆಯೇ ಕುಡಿದುಬಿಟ್ಟೆ. ನಾನು ಆರಿದ ಕಾಫಿ ಕುಡಿಯುವವನಲ್ಲ.

"ಇದೇನು, ನಿಮ್ಮ ಶ್ರೀಪತಿಯವರು ಈರುಳ್ಳಿಗೆ ನೀಲಿ ಹಾಕಿ ಒಗೆದಿದಾರಲ್ಲ?" ಎಂದೆ.

"ನಮ್ಮ ಶ್ರೀಪತಿ ಅಂತ ಏನಿದೆ, ಎಲ್ಲರ ಶ್ರೀಪತಿ," ಎಂದಳು ಸುಮಿತ್ರ. "ಕೊಡಿ ಇಲ್ಲಿ. ಕಾಫಿ ಲೋಟ ಇಟ್ಬಿಡ್ತೀರ ಅದರ ಮೇಲೆ."

ಫೋಟೊವನ್ನು ಒಂದು ಕ್ಷಣ ನೋಡಿದಳು. ಚೀಲದೊಳಗೆ ಇಟ್ಟುಕೊಂಡಳು. ಒಂದು ಮಾತಿಲ್ಲ. ಹುಬ್ಬು ಕೂಡ ಮೇಲೇರಲಿಲ್ಲ. ನನ್ನ ಸಂತೋಷ ಅಲ್ಲಿಗೇ ನಿಂತು, ಅದರ ಜಾಗದಲ್ಲಿ ಹಳೆಯ ಉರಿಯೊಂದು ಎದ್ದಿತು. ಅದೇನೆಂದು ಹೇಳಬೇಕಾದರೆ ಕೆಲವು ವರ್ಷ ಹಿಂದಕ್ಕೆ ಹೋಗಬೇಕು. ನಿಮಗೆ ಪುರುಸೊತ್ತಿದ್ದರೆ ಬನ್ನಿ.

ನಾನು ಗಂಟೆಯ ಸದ್ದಿಗೆ ಬೆಳೆದವನು. ಓದಿದ್ದು ಚಾಮರಾಜಪೇಟೆಯ ಒಂದು ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು. ಅಲ್ಲಿ ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು, ಊಟಕ್ಕೊಂದು, ದೀಪ ಆರಿಸುವುದಕ್ಕೊಂದು. ಆಮೇಲೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದೆ, ಕೊನೆಗೆ ಹೆಡ್ಮಾಸ್ತರನಾದೆ. ಗಂಟೆ ಕೇಳುವವನು ಗಂಟೆ ಹೊಡೆಸುವವನಾದೆ. ಇಂಥವನು ನಿವೃತ್ತನಾಗಿ ಬಸವನಗುಡಿಯ ಮನೆಗೆ ಬಂದು ಕುಳಿತರೆ ಏನಾಗುತ್ತದೆ? ಮೊದಲ ವಾರವೇ ಗೋಡೆಯ ಮೇಲೆ ವೇಳಾಪಟ್ಟಿ ಅಂಟಿಸಿದೆ. ಸುಮಿತ್ರ ಅದನ್ನು ಓದಿ, "ಚೆನ್ನಾಗಿದೆ, ಇದರಲ್ಲಿ ನಾನೆಲ್ಲಿದೀನಿ?" ಎಂದಳು. ನೋಡಿದರೆ ಅವಳ ದಿನಕ್ಕೆ ತನ್ನದೇ ಒಂದು ಪಟ್ಟಿ ಆಗಲೇ ಇತ್ತು, ಗೋಡೆಯ ಮೇಲಲ್ಲ, ಅವಳ ಕೈಬೆರಳುಗಳಲ್ಲಿ. ಆ ಪಟ್ಟಿಯಲ್ಲಿ ನಾನು ಎಲ್ಲಿಯೂ ಇರಲಿಲ್ಲ.

ಅವಳು ಕಸೂತಿ ಹಾಕುತ್ತಾಳೆ. ಹಾಕುತ್ತಾಳೆ ಎಂದರೆ ಸಾಲದು. ನಾನು ಶಾಲೆಯಲ್ಲಿ ಗಂಟೆ ಹೊಡೆಸುತ್ತಿದ್ದ ಅಷ್ಟೂ ವರ್ಷ ಅವಳು ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಹೆಂಗಸರಿಗೆ ಕಸೂತಿ ಕಲಿಸಿದ್ದಾಳೆ. ಅವಳ ವಿಶೇಷವೆಂದರೆ ಹಳೆಯ ಸೀರೆಗಳ ಸೆರಗು, ಅಂಚುಗಳನ್ನು ನೋಡಿ ಅದೇ ವಿನ್ಯಾಸ, ಅದೇ ಬಣ್ಣಗಳಲ್ಲಿ ಮತ್ತೆ ಹೊಲಿಸುವುದು. ಮಾವಳ್ಳಿಯಿಂದಲೋ ಮಲ್ಲೇಶ್ವರದಿಂದಲೋ ಯಾರಾದರೂ ತಮ್ಮ ಅಜ್ಜಿಯ ಸೀರೆಯನ್ನು ಒಂದೆರಡು ದಿನಕ್ಕೆಂದು ಕೊಟ್ಟಿರುತ್ತಾರೆ. ಅದನ್ನು ಕತ್ತರಿಸುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗಿಲ್ಲ. ಆದ್ದರಿಂದ ಫೋಟೊ. ಫೋನಿನಲ್ಲಿ ಇದ್ದರೆ ಆಗದು, ಒಬ್ಬೊಬ್ಬರ ಫೋನೂ ಒಂದೊಂದು ಬಣ್ಣ ತೋರಿಸುತ್ತದೆ ಎಂಬುದು ಅವಳ ದೂರು. ಕಾಗದದ ಮೇಲೆ ಬರಬೇಕು. ಆ ಕಾಗದವನ್ನು ಕೈಯಲ್ಲಿ ಹಿಡಿದು ಹೆಂಗಸರು ಬಳೇಪೇಟೆಯ ಗಲ್ಲಿಗಳಿಗೆ ಹೋಗಿ, ದಾರದ ಉಂಡೆಗಳ ಪಕ್ಕ ಇಟ್ಟು, ಹೊಂದುವ ದಾರ ತರಬೇಕು. ಕಾಗದ ತಪ್ಪಾದರೆ ದಾರ ತಪ್ಪು, ದಾರ ತಪ್ಪಾದರೆ ತಿಂಗಳ ಕೆಲಸ ಬಿಚ್ಚಬೇಕು.

ಮೊದಲು ಗಾಂಧಿಬಜಾರಿನ ಒಂದು ಸ್ಟುಡಿಯೋದಲ್ಲಿ ಮಾಡಿಸುತ್ತಿದ್ದಳು. ಅದು ಮುಚ್ಚಿತು. ನಾನು ಎದ್ದು ನಿಂತು, "ನಾನು ಮಾಡ್ತೀನಿ," ಎಂದೆ. ಕೊನೆಗೂ ಅವಳ ಪಟ್ಟಿಯೊಳಗೆ ನುಗ್ಗಲು ಒಂದು ಬಾಗಿಲು ಸಿಕ್ಕಿತ್ತು.

ಪ್ರಿಂಟರು ಬಂತು. ಪೂಜೆ ಮಾಡಿ ಕುಂಕುಮ ಇಟ್ಟೆವು. ಮೊದಲನೆಯ ಸೀರೆಯನ್ನು ನಡುಮನೆಯ ನೆಲದ ಮೇಲೆ ಹಾಸಿ, ಮಂಡಿಯೂರಿ, ಫೋನಿನಿಂದ ಫೋಟೊ ತೆಗೆದು ಅಚ್ಚು ಮಾಡಿದೆ. ಗಿಳಿಹಸಿರಿನ ಸೀರೆ ಪಾಚಿಯಾಗಿ ಹೊರಬಂತು.

"ಇದು ಆಗಲ್ಲ," ಎಂದಳು ಸುಮಿತ್ರ, ಪೂರ್ತಿ ಹೊರಬರುವ ಮೊದಲೇ.

ನಾನು ಬಿಡುವವನಲ್ಲ. ದಿನಕ್ಕೊಂದು ಗಂಟೆ ಅದಕ್ಕೇ ಮೀಸಲಿಟ್ಟೆ. ಕಾಗದ ಬದಲಾಯಿಸಿದೆ. ಹೊಳೆಯುವ ಕಾಗದ ಹಾಕಿ, ಪ್ರಿಂಟರಿಗೆ ಸಾದಾ ಕಾಗದವೆಂದು ಹೇಳಿದರೆ ಅದು ಶಾಯಿಯನ್ನು ಬೇರೆ ಲೆಕ್ಕದಲ್ಲಿ ಸುರಿಯುತ್ತದೆ ಎಂದು ತಿಳಿಯಿತು, ಅದನ್ನು ಸರಿಪಡಿಸಿದೆ. ಕಂಪ್ಯೂಟರಿನ ತೆರೆ ದೀಪಾವಳಿಯ ಹಾಗೆ ಉರಿಯುತ್ತಿದ್ದರೆ ಅದರ ಮುಂದೆ ಕಾಗದ ಯಾವಾಗಲೂ ಮಂಕಾಗಿಯೇ ಕಾಣುತ್ತದೆ ಎಂದು ತಿಳಿಯಿತು. ತೆರೆಯ ಬೆಳಕನ್ನು ಅರ್ಧಕ್ಕೆ ಇಳಿಸಿದೆ. ಕಂಪ್ಯೂಟರೂ ಬಣ್ಣ ತಿದ್ದುತ್ತದೆ, ಪ್ರಿಂಟರೂ ತಿದ್ದುತ್ತದೆ, ಇಬ್ಬರಿಗೂ ಅಧಿಕಾರ ಕೊಟ್ಟರೆ ಅತ್ತೆ ಸೊಸೆ ಇಬ್ಬರೂ ಒಂದೇ ಸಾರಿಗೆ ಉಪ್ಪು ಹಾಕಿದ ಹಾಗಾಗುತ್ತದೆ ಎಂದು ತಿಳಿಯಿತು. ಪ್ರಿಂಟರಿನ ಕೈ ಕಟ್ಟಿಹಾಕಿದೆ. ಹಸಿ ಶಾಯಿಯ ಬಣ್ಣ ನಂಬಬಾರದು, ಸ್ವಲ್ಪ ಹೊತ್ತು ಒಣಗಲು ಬಿಡಬೇಕು ಎಂದು ತಿಳಿಯಿತು; ಬಿಟ್ಟೆ. ಪ್ರತಿಯೊಂದು ಪಾಠವೂ ನಿಜ, ಪ್ರತಿಯೊಂದರಿಂದಲೂ ಸ್ವಲ್ಪ ಸ್ವಲ್ಪ ಸುಧಾರಿಸಿತು. ಆದರೆ ಆ ಪಾಚಿ ಮಾತ್ರ ಹೋಗಲೊಲ್ಲದು. ಕುಂಕುಮದ ಕೆಂಪು ಇಟ್ಟಿಗೆಯಾಗುತ್ತಿತ್ತು. ಅರಿಶಿನ ಬೇವಿನ ಎಣ್ಣೆಯಾಗುತ್ತಿತ್ತು.

"ಇದು ಆಗಲ್ಲ," ಎನ್ನುತ್ತಿದ್ದಳು ಸುಮಿತ್ರ. ಬೆಳಗಿನ ತಿಂಡಿಯ ಹೊತ್ತಿಗೆ ಅಚ್ಚಾದದ್ದು ತಿಂಡಿ ಮುಗಿಯುವುದರೊಳಗೆ ವಾಪಸು. ನಾನು ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದುವಾಗಲೂ ಅಷ್ಟು ಚುರುಕಾಗಿರಲಿಲ್ಲ.

ಒಂದು ಸಲ ಅವಳು ಊರಲ್ಲಿಲ್ಲದಾಗ, ಕನಕಾಂಬರ ಬಣ್ಣದ ಅಂಚೊಂದನ್ನು ಅಚ್ಚು ಮಾಡಿ ನಾನೇ ಗಿರಿಜಳ ಕೈಗೆ ಕೊಟ್ಟುಬಿಟ್ಟೆ. ಗಿರಿಜ ಅದನ್ನು ನಂಬಿ ಬಳೇಪೇಟೆಗೆ ಹೋಗಿ, ದಾರ ಹೊಂದಿಸಿ, ಅಂಚು ಪೂರ್ತಿ ಹೊಲಿದು ತಂದಳು. ಭಾನುವಾರ ಎಲ್ಲರ ಮುಂದೆ ಸೀರೆ ಬಿಡಿಸಿ, "ಆಂಟಿ, ಇದು ಕನಕಾಂಬರಾನಾ? ಮನೇಲಿ ನಮ್ಮತ್ತೆ, ಸಾಂಬಾರ್ ಬಿತ್ತೇನೇ ಅಂತ ಕೇಳಿದ್ರು," ಎಂದಳು. ನಾನು ಒಳಗಿನ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಅದೇ ಪುಟವನ್ನು ಬಹಳ ಹೊತ್ತು ಓದಿದೆ.

ಅದರ ಮುಂದಿನ ಭಾನುವಾರ ಗಿರಿಜ ಅದೇ ಅಂಚಿನ ಇನ್ನೊಂದು ಫೋಟೊ ತಂದಳು. ಬಣ್ಣ ಹೇಗಿತ್ತೆಂದರೆ, ಆ ಕಾಗದವನ್ನು ಯಾರಾದರೂ ಮುಡಿದುಕೊಳ್ಳಬಹುದಿತ್ತು. "ದೊಡ್ಡಪ್ಪ ಮಾಡಿದ್ದು ಆಂಟಿ. ಅವರ ಮನೇಲೂ ಪ್ರಿಂಟರ್ ಇದೆ. ಇವತ್ತು ಅವ್ರೇ ಬಂದಿದಾರೆ, ಹೊರಗಡೆ ಸ್ಕೂಟರ್ ನಿಲ್ಲಿಸ್ತಿದಾರೆ."

ಹೀಗೆ ಶ್ರೀಪತಿಯವರು ನಮ್ಮ ಮನೆಗೆ ಬಂದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಮದುವೆಯಾಗಿಲ್ಲ. ನನಗಿಂತ ಎರಡು ವರ್ಷ ದೊಡ್ಡವರು, ಆದರೆ ತಲೆತುಂಬ ಕೂದಲು. ಇಸ್ತ್ರಿ ಮಾಡಿದ ಖಾದಿ ಜುಬ್ಬಾ. ನಕ್ಕರೆ ಎದುರುಮನೆಗೆ ಕೇಳಿಸಬೇಕು. ಅವರು ಬಾಗಿಲಲ್ಲೇ ನಿಂತು, ನನ್ನನ್ನು ನೋಡುವ ಮೊದಲು ನಮ್ಮ ನೆಲವನ್ನು ನೋಡಿದರು.

ನಮ್ಮ ನೆಲದ ಬಗ್ಗೆ ಎರಡು ಮಾತು ಹೇಳದಿದ್ದರೆ ಆಗದು. ಕೆಂಪು ಆಕ್ಸೈಡಿನ ನೆಲ. ಬಸವನಗುಡಿಯಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ, ಆದರೆ ಬಹುಪಾಲು ಮಾಸಿ, ಬಿರುಕುಬಿಟ್ಟು, ಕಂದಾಗಿದೆ. ನಮ್ಮದು ಹಾಗಲ್ಲ. ಪ್ರತಿ ಶುಕ್ರವಾರ ಒರೆಸಿ, ಒಣಗಿಸಿ, ಮೇಣದಲ್ಲಿ ಕೊಬ್ಬರಿಎಣ್ಣೆ ಕಾಯಿಸಿ ಬೆರೆಸಿ, ಹಳೆಯ ಮಲ್ಲಿನ ಬಟ್ಟೆಯಿಂದ ತಿಕ್ಕುತ್ತೇನೆ. ನಾನೇ, ಕೈಯಾರೆ. ಕುಳಿತು ಊಟ ಮಾಡುವವರಿಗೆ ತಮ್ಮ ಗಲ್ಲದ ಕೆಳಗಿನ ಗಡ್ಡ ಕಾಣಬೇಕು, ಅಷ್ಟು. ಬಂದವರೆಲ್ಲ ಹೊಗಳುತ್ತಾರೆ. ಶ್ರೀಪತಿಯವರೂ ಹೊಗಳಿದರು, ಆದರೆ ಅವರು ಹೊಗಳಿದ ರೀತಿ ಬೇರೆ.

"ಇದರ ಮೇಲೇನಾ ಸೀರೆ ಹಾಸಿ ಫೋಟೊ ತೆಗೆಯೋದು?" ಎಂದರು.

"ಹೌದು, ಬೇರೆಲ್ಲಿ?" ಎಂದೆ.

"ಮೇಷ್ಟ್ರೇ, ಹಾಗಾದ್ರೆ ನಿಮ್ಮ ಪ್ರಿಂಟರ್‌ಗೆ ಏನೂ ಆಗಿಲ್ಲ. ತೊಂದರೆ ನಿಮ್ಮ ನೆಲದ್ದು."

"ನೆಲಕ್ಕೆ ಏನಾಗಿದೆ?"

"ಏನೂ ಆಗಿಲ್ಲ. ಅದೇ ತೊಂದರೆ. ಇಷ್ಟು ಕೆಂಪು ನೆಲ ನಾನು ನೋಡೇ ಇಲ್ಲ. ನಿಮ್ಮ ಫೋನು ಪಾಪ ಎಲ್ಲಾ ಕಡೆ ಕೆಂಪು ನೋಡಿ, ಓಹೋ ಇಲ್ಲಿ ಬೆಳಕೇ ಕೆಂಪಗಿದೆ ಅಂದ್ಕೊಳ್ಳತ್ತೆ. ಸರಿ, ಕೆಂಪು ಕಮ್ಮಿ ಮಾಡೋಣ ಅಂತ ತೆಗೆಯತ್ತೆ. ನೆಲದಿಂದ ಮಾತ್ರ ತೆಗೆದು ಸೀರೆ ಬಿಟ್ಬಿಡು ಅಂದ್ರೆ ಅದಕ್ಕೇನು ಗೊತ್ತಾಗತ್ತೆ? ಎಲ್ಲದ್ರಿಂದ್ಲೂ ತೆಗೆಯತ್ತೆ. ಕನಕಾಂಬರದಿಂದ ಕೆಂಪು ತೆಗೆದ್ರೆ ಏನು ಉಳಿಯತ್ತೆ ಹೇಳಿ?"

"ಸಾಂಬಾರು, ದೊಡ್ಡಪ್ಪ," ಎಂದಳು ಗಿರಿಜ.

ಹೆಂಗಸರೆಲ್ಲ ನಕ್ಕರು. ಸುಮಿತ್ರ ಕೂಡ ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು. ಅವಳು ಹಾಗೆ ನಕ್ಕದ್ದನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಈಗ ನೋಡಿದೆ, ಅದೂ ಇನ್ನೊಬ್ಬರ ಮಾತಿಗೆ.

ಮರುದಿನವೇ ಬಿಳಿಯ ದುಪ್ಪಟಿಯನ್ನು ತಾರಸಿಯ ಮೇಲೆ, ನೀರಿನ ತೊಟ್ಟಿಯ ನೆರಳಿನಲ್ಲಿ ಹಾಸಿ, ಅದರ ಮೇಲೆ ಸೀರೆಯಿಟ್ಟು ಫೋಟೊ ತೆಗೆದೆ. ಅಚ್ಚು ಮಾಡಿದೆ. ಪಾಚಿ ಮಾಯ. ಗಿಳಿಹಸಿರು ಗಿಳಿಯಾಗಿಯೇ ಕುಳಿತಿತ್ತು. ಅಷ್ಟೊಂದು ತಿಂಗಳು ನಾನು ಶಾಯಿಯನ್ನು ಬೈದೆ, ಕಾಗದವನ್ನು ಬೈದೆ. ಕಾರಣ ನನ್ನ ಮಂಡಿಯ ಕೆಳಗೇ ಇತ್ತು, ಅದನ್ನು ಶುಕ್ರವಾರ ಶುಕ್ರವಾರ ನಾನೇ ತಿಕ್ಕಿ ಇನ್ನಷ್ಟು ಕೆಂಪು ಮಾಡುತ್ತಿದ್ದೆ. ಫೋಟೊ ಹಿಡಿದು ಅಡುಗೆಮನೆಗೆ ಓಡಿದೆ.

"ಚೆನ್ನಾಗಿ ಬಂದಿದೆ," ಎಂದಳು ಸುಮಿತ್ರ. ಕೈಯಲ್ಲಿ ಸೌಟು. "ಆದ್ರೆ ಶ್ರೀಪತಿಯವರಿಗೆ ಆಗಲೇ ಒಪ್ಪಿಸಿಬಿಟ್ಟೆ. ಪ್ರತಿ ಶನಿವಾರ ಬನ್ನಿ, ನಮ್ಮನೇದು ಬಿಳಿ ಮೊಸಾಯಿಕ್ಕು, ಇಬ್ಬರೂ ಕೂತು ನೋಡ್ಕೊಂಡು ಮಾಡೋಣ ಅಂದ್ರು. ಈಗ ಬೇಡ ಅಂದ್ರೆ ಚೆನ್ನಾಗಿರಲ್ಲ. ನಿಮಗೂ ಈ ತಾಪತ್ರಯ ತಪ್ಪಿತು."

ತಾಪತ್ರಯ ತಪ್ಪಿತು. ಆ ಮಾತನ್ನು ಅವಳು ಪ್ರೀತಿಯಿಂದಲೇ ಆಡಿದ್ದು, ನನಗೆ ಗೊತ್ತು. ತೆರೆದ ಬಾಗಿಲನ್ನು ಯಾರೋ ಮೆಲ್ಲಗೆ, ಸದ್ದಾಗದ ಹಾಗೆ ಮುಚ್ಚಿದಂತಾಯಿತು.

ಅಂದಿನಿಂದ ಪ್ರತಿ ಶನಿವಾರ ಹತ್ತು ಗಂಟೆಗೆ ಅವಳು ಸೀರೆಯ ಚೀಲ ಹಿಡಿದು ತ್ಯಾಗರಾಜನಗರಕ್ಕೆ ಹೋಗುತ್ತಾಳೆ, ಹನ್ನೆರಡಕ್ಕೆ ಬರುತ್ತಾಳೆ. ಬಂದಾಗ ಅವಳ ಹತ್ತಿರ ಬೇರೆ ಮನೆಯ ಕಾಫಿಯ ವಾಸನೆ ಇರುತ್ತದೆ. ನಮ್ಮದಕ್ಕಿಂತ ಸ್ವಲ್ಪ ಗಾಢ. ಒಮ್ಮೆ, ಬ್ಯಾಂಕಿನ ಕೆಲಸವಿದೆಯೆಂದು ಸುಳ್ಳು ಹೇಳಿ ನಾನೂ ಜೊತೆಗೆ ಹೋದೆ. ಅಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕಿತ್ತು. ನಡೆಯುತ್ತಿದ್ದದ್ದು ಇಷ್ಟು: ಅವರು ಕಂಪ್ಯೂಟರಿನ ಮುಂದೆ ಕುಳಿತು, "ಸುಮಿತ್ರಾವ್ರೇ, ಇದು ಯಾವ ಹಸಿರು ಅಂತೀರಿ?" ಎನ್ನುತ್ತಿದ್ದರು. ಅವಳು, "ಇದು ಮಾವಿನ ಚಿಗುರು ಮುಗಿದು ಎಲೆ ಆಗೋಕೆ ಮುಂಚೆ ಇರತ್ತಲ್ಲ, ಆ ಹಸಿರು," ಎನ್ನುತ್ತಿದ್ದಳು. ಅವರು, "ಹಾಂ, ಹಾಗಾದ್ರೆ ಒಂದು ಚೂರು ಕೆಂಪು ಬಿಡ್ಬೇಕು," ಎಂದು ಏನೋ ಒತ್ತುತ್ತಿದ್ದರು. ಅವಳು ಕಣ್ಣು ಕಿರಿದು ಮಾಡಿ, "ಇನ್ನೂ ಸ್ವಲ್ಪ," ಎನ್ನುತ್ತಿದ್ದಳು. ಎರಡು ಗಂಟೆ ಕಾಲ ಇದೇ. ಅವಳಿಗೆ ಅಷ್ಟು ಹಸಿರುಗಳ ಹೆಸರು ಗೊತ್ತಿದೆಯೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನಾನು ಕೇಳುತ್ತಿದ್ದದ್ದು ಸರಿಯೋ ತಪ್ಪೋ ಎಂಬುದೊಂದೇ.

ಕಾಫಿ ನಿಜಕ್ಕೂ ಚೆನ್ನಾಗಿತ್ತು. ಅದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನನ್ನ ಪ್ರಿಂಟರನ್ನು ಮೂಲೆಗೆ ಸೇರಿಸಲಿಲ್ಲ. ಬೆಳಿಗ್ಗೆ ಉದ್ಯಾನದಲ್ಲಿ ನನ್ನ ಜೊತೆ ನಡೆಯುವ ಗೆಳೆಯರ ಗುಂಪು ಫೋಟೊಗಳು, ಯಾರದೋ ಮೊಮ್ಮಗುವಿನ ನಾಮಕರಣ, ಇಂಥವನ್ನು ಮಾಡಿಕೊಡುತ್ತಾ ಬಂದೆ. ಕಳೆದ ವರ್ಷ ಅಂಥದೊಂದು ಗುಂಪು ಫೋಟೊವನ್ನು ಮೇಜಿನ ಮೇಲಿಟ್ಟಿದ್ದೆ. ಸುಮಿತ್ರ ತರಕಾರಿ ಚೀಲ ಹಿಡಿದು ಹಾದುಹೋಗುತ್ತಾ ಅದನ್ನು ನೋಡಿ ನಿಂತಳು.

"ಏನ್ರೀ ಇದು, ನಿಮ್ಮ ಗೆಳೆಯರೆಲ್ಲ ಕೆರೆಯಲ್ಲಿ ಮುಳುಗಿ ಎದ್ದವರ ಹಾಗೆ ಕಾಣ್ತಿದಾರೆ. ಮುಖಕ್ಕೆಲ್ಲ ನೀಲಿ. ಇದು ಆಗಲ್ಲ. ಪ್ರಿಂಟರ್ ಬಿಡಿ, ಮೊದಲು ಹೋಗಿ ಕಣ್ಣು ತೋರಿಸ್ಕೊಳ್ಳಿ."

ನಾನು ಸಿಟ್ಟುಮಾಡಿಕೊಂಡೆ. ಆಮೇಲೆ ಹೋದೆ. ಎರಡು ಕಣ್ಣಿಗೂ ಪೊರೆ. ಮೊದಲು ಒಂದಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ನಡುಮನೆಯ ಗೋಡೆ ನೋಡಿದೆ. ಹಳೆಯ ಕಣ್ಣು ಮುಚ್ಚಿದರೆ ಗೋಡೆ ಬಿಳಿ, ಹೊಸ ಕಣ್ಣು ಮುಚ್ಚಿದರೆ ಅದೇ ಗೋಡೆ ತುಪ್ಪದ ಬಣ್ಣ. ಹುಡುಗನ ಹಾಗೆ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಬಹಳ ಹೊತ್ತು ನಿಂತಿದ್ದೆ. ಪೊರೆ ಬಂದವನಿಗೆ ಲೋಕವೆಲ್ಲ ತೆಳುವಾಗಿ ಹಳದಿ. ದಿನದಿನಕ್ಕೂ ಚೂರುಚೂರೇ ಬರುವುದರಿಂದ ಅವನಿಗೆ ಅದು ತಿಳಿಯುವುದೇ ಇಲ್ಲ. ಫೋಟೊ ಹಳದಿಯಾಗಿದೆಯೆಂದು ಅವನು ನೀಲಿ ಸೇರಿಸುತ್ತಾ ಹೋಗುತ್ತಾನೆ, ಸರಿಹೋಯಿತೆಂದು ತಿಳಿಯುತ್ತಾನೆ.

ಈಗ ಇವತ್ತಿನ ಬೆಳಗಿಗೆ ಬರೋಣ. ಈರುಳ್ಳಿ ಸಿಪ್ಪೆ ಬದನೆಕಾಯಿಯಾದದ್ದನ್ನು ನೋಡಿದ ಕ್ಷಣವೇ ನನಗೆ ಗೊತ್ತಾಗಿತ್ತು.

"ಸುಮಿತ್ರ, ಶ್ರೀಪತಿಯವರಿಗೆ ಕಣ್ಣಿಗೆ ಪೊರೆ ಬಂದಿದೆ," ಎಂದೆ.

"ಗೊತ್ತು," ಎಂದಳು.

"ಗೊತ್ತಾ? ಯಾವಾಗಿಂದ?"

"ಯುಗಾದಿ ಆದಾಗಿಂದ."

ತಾನು ಒಪ್ಪಿದ ಪ್ರತಿಯೊಂದು ಫೋಟೊದ ಒಂದು ಪ್ರತಿಯನ್ನು ಸುಮಿತ್ರ ಅಂಟಿಸಿಡುವ ಆಲ್ಬಮ್ ತೆಗೆದು ನೋಡಿದೆ. ಯುಗಾದಿಯಿಂದ ಈಚೆಗಿನ ಹಾಳೆಗಳಲ್ಲಿ ನೀಲಿ ಮೆಲ್ಲಗೆ ಏರುತ್ತಾ ಬಂದಿತ್ತು. ಒಂದನ್ನೂ ಅವಳು ವಾಪಸು ಮಾಡಿರಲಿಲ್ಲ. ಬಳೇಪೇಟೆಗೆ ಹೋಗುವವರಿಗೆಲ್ಲ, "ಇದಕ್ಕಿಂತ ಒಂದು ಸುತ್ತು ಕೆಂಪಗೆ ತಗೊಳ್ಳಿ," ಎಂದು ಬಾಯಲ್ಲಿ ಹೇಳಿ ಕಳಿಸುತ್ತಿದ್ದಳಂತೆ.

ಅವರ ಕಾಫಿ ಕಂಡು ಹೊಟ್ಟೆಕಿಚ್ಚುಪಟ್ಟಿದ್ದೆ, ಕೂದಲು ಕಂಡು ಪಟ್ಟಿದ್ದೆ, ನಗೆ ಕಂಡು ಪಟ್ಟಿದ್ದೆ. ಅವೆಲ್ಲ ಸಣ್ಣವು. ಅವರ ತಪ್ಪಿಗೆ ಸಿಕ್ಕಿದ ಈ ತಾಳ್ಮೆಯಲ್ಲಿ ಒಂದು ಚಮಚದಷ್ಟು ನನಗೆ ಸಿಕ್ಕಿದ್ದರೆ ಸಾಕಿತ್ತು.

"ನನ್ನದು ಒಂದು ಚೂರು ಹಸಿರಾದ್ರೆ ನೀನು ತಿಂಡಿ ಮುಗಿಯೋದ್ರೊಳಗೆ ವಾಪಸ್ ಮಾಡ್ತಿದ್ದೆ," ಎಂದೆ. "ಗೆಳೆಯರ ಮುಖ ನೀಲಿಯಾದ್ರೆ ಕೆರೆಯಿಂದ ಎದ್ದು ಬಂದ ಹಾಗಿದೆ ಅಂದೆ. ಅವರದು ಇಡೀ ಸೀರೆ ಬದನೆಕಾಯಿ ಆಗಿದೆ, ನೀನು ಬಾಯಿ ಬಿಡಲ್ಲ."

ಸುಮಿತ್ರ ಹುರುಳಿಕಾಯಿ ನಾರು ತೆಗೆಯಲು ಕುಳಿತಿದ್ದಳು. ತಲೆಯೆತ್ತಲಿಲ್ಲ.

"ನಿಮಗೆ ಹೇಳಿದ್ರೆ ನೀವು ಮುಖ ಊದಿಸ್ಕೊಂಡು ಎರಡು ದಿನ ಓಡಾಡ್ತೀರಿ. ಮೂರನೇ ದಿನ ಹೋಗಿ ಕಣ್ಣು ತೋರಿಸ್ಕೊಂಡು ಬರ್ತೀರಿ. ಅವರಿಗೆ ಹೇಳಿದ್ರೆ ಅವರು ನಕ್ಕು, ಇನ್ನೊಂದು ಲೋಟ ಕಾಫಿ ಕೊಟ್ಟು, ಮಾರನೇ ದಿನದಿಂದ ಪ್ರಿಂಟರ್ ಮುಚ್ಚಿಟ್ಬಿಡ್ತಾರೆ. ನಿಮ್ಮ ಹತ್ರ ಜಗಳ ಆಡ್ಬಹುದು ರೀ. ಅವರ ಹತ್ರ ಮರ್ಯಾದೆಯಿಂದ ಇರ್ಬೇಕು."

ನಾನು ಪತ್ರಿಕೆ ತೆರೆದೆ. ಓದಲಾಗಲಿಲ್ಲ. ಎಷ್ಟೋ ವರ್ಷದ ಲೆಕ್ಕವನ್ನು ತಲೆಕೆಳಗಾಗಿ ಹಿಡಿದು ನೋಡಿದ್ದೆನೋ ಎಂಬ ಅನುಮಾನ ಬಂತು. ಆದರೂ ಒಂದು ಹುಳು ಒಳಗೆ ಹರಿದಾಡುತ್ತಲೇ ಇತ್ತು: ಸುಮ್ಮನಿದ್ದರೆ? ನೀಲಿ ಹೀಗೇ ಏರುತ್ತಾ ಹೋದರೆ ಯಾವತ್ತೋ ಒಂದು ದಿನ ಸುಮಿತ್ರಳಿಗೂ ಸಾಕಾಗುತ್ತದೆ. ಶನಿವಾರ ತಾನಾಗಿಯೇ ನನ್ನ ಕೈಗೆ ಬರುತ್ತದೆ. ಹೇಳಿದರೆ ಅವರು ಕಣ್ಣು ಸರಿಮಾಡಿಸಿಕೊಳ್ಳುತ್ತಾರೆ, ಮತ್ತೆ ಕನಕಾಂಬರ ಅರಳಿಸುತ್ತಾರೆ, ನಾನು ಮತ್ತೆ ಹನ್ನೆರಡು ಗಂಟೆಗೆ ಬೇರೆ ಮನೆಯ ಕಾಫಿಯ ವಾಸನೆ ಕುಡಿಯಬೇಕು. ಕ್ರೀಡಾಪುಟ ಮುಗಿಯುವವರೆಗೂ ಈ ವಾದ ನಡೆಯಿತು. ಕೊನೆಗೆ ಎರಡು ವಿಷಯ ನನ್ನನ್ನು ಎಬ್ಬಿಸಿದವು. ಒಂದು, ಆ ಮನುಷ್ಯ ಇನ್ನೂ ಸ್ಕೂಟರು ಓಡಿಸುತ್ತಾರೆ. ಇನ್ನೊಂದು ಅಷ್ಟು ಒಳ್ಳೆಯದಲ್ಲ: ನನ್ನ ನೆಲವನ್ನು ಹೆಂಗಸರ ಮುಂದೆ ಆಡಿಕೊಂಡವರಿಗೆ, ಸ್ವಾಮಿ, ತೊಂದರೆ ನಿಮ್ಮ ಕಣ್ಣಿನದು ಎಂದು ಹೇಳುವ ಅವಕಾಶ.

ಹತ್ತು ಗಂಟೆಗೆ ಸುಮಿತ್ರಳ ಜೊತೆ ಹೊರಟೆ. ಬ್ಯಾಂಕಿನ ಹೆಸರು ಹೇಳಲಿಲ್ಲ. ಆಟೋದಲ್ಲಿ ಅವಳು, "ನಯವಾಗಿ ಹೇಳಿ," ಎಂದಳು. ನಾನು ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ನೋಡಿದೆ.

ಶ್ರೀಪತಿಯವರು ಬಾಗಿಲು ತೆರೆದು, "ಓ ಮೇಷ್ಟ್ರು, ಬನ್ನಿ ಬನ್ನಿ," ಎಂದು ಹಳೆಯ ನಗೆಯನ್ನೇ ನಕ್ಕರು. ಡಿಕಾಕ್ಷನ್ ಸುರಿಯುವಾಗ ಲೋಟದ ಅಂಚಿಗೆ ತಾಗಿ ಚೆಲ್ಲಿತು. ಅವರು ನೋಡಲಿಲ್ಲ. ಅವರ ಖಾದಿ ಜುಬ್ಬಾದ ತೋಳಿಗೆ ಹಳೆಯ ಕಾಫಿಯ ಕಲೆ, ಒಗೆದರೂ ಹೋಗದ್ದು; ಅದನ್ನೂ ಅವರು ನೋಡಿರಲಿಲ್ಲ. ನಾನು ಸಿದ್ಧಮಾಡಿಕೊಂಡು ಬಂದ ವಾಕ್ಯವನ್ನು ಅಲ್ಲಿಗೇ ಕೈಬಿಟ್ಟೆ.

"ಶ್ರೀಪತಿಯವರೇ, ಆ ಗೋಡೆ ನೋಡಿ," ಎಂದೆ. "ಬಲಗಣ್ಣು ಮುಚ್ಚಿ ನೋಡಿ. ಈಗ ಎಡಗಣ್ಣು."

"ಇದೇನು ಡ್ರಿಲ್ ಕ್ಲಾಸಾ?" ಎಂದು ನಗುತ್ತಲೇ ಮುಚ್ಚಿದರು. ಆಮೇಲೆ ಇನ್ನೊಂದು ಕಣ್ಣು. ಮತ್ತೆ ಮೊದಲಿನದು. ನಗೆ ನಿಂತಿತು. ಎಡಗಣ್ಣಿನ ಗೋಡೆಗೂ ಬಲಗಣ್ಣಿನ ಗೋಡೆಗೂ ಹೊಂದುತ್ತಿರಲಿಲ್ಲ. ಅವರು ಮೇಜಿನ ಹತ್ತಿರ ಹೋಗಿ, ತಾವು ಅಚ್ಚು ಮಾಡಿದ ಒಂದು ಫೋಟೊ ಎತ್ತಿಕೊಂಡು, ಹಾಗೆಯೇ ಒಂದೊಂದು ಕಣ್ಣು ಮುಚ್ಚಿ ನೋಡಿದರು.

"ನೀಲಿ ಎಷ್ಟಿದೆ ಮೇಷ್ಟ್ರೇ?"

"ಇದೆ."

"ಬಹಳಾನಾ?"

"ನನಗೂ ಹೋದ ವರ್ಷ ಹೀಗೇ ಆಗಿತ್ತು. ಪೊರೆ ತೆಗೆಸಿದೆ, ಹೋಯ್ತು. ಅರ್ಧ ಗಂಟೆ ಕೆಲಸ."

ಅವರು ಸುಮಿತ್ರಳ ಕಡೆ ತಿರುಗಿದರು. "ಸುಮಿತ್ರಾವ್ರೇ, ನಿಮಗೆ ಗೊತ್ತಾಗ್ಲಿಲ್ವಾ ಇದು?"

ಮಾವಿನ ಚಿಗುರಿಗೂ ಎಲೆಗೂ ನಡುವಿನ ಹಸಿರನ್ನು ಹಿಡಿಯುವ ಹೆಂಗಸು ತಲೆ ತಗ್ಗಿಸಿ ಚೀಲದ ಹಿಡಿಯನ್ನು ಸರಿಮಾಡುತ್ತಿದ್ದಳು.

"ಅವಳಿಗೆಲ್ಲಿ ಗೊತ್ತಾಗತ್ತೆ ಸ್ವಾಮಿ," ಎಂದೆ ನಾನು. "ಅವಳ ಗಮನ ಎಲ್ಲಾ ಹೊಲಿಗೆ ಮೇಲೆ. ಬಣ್ಣ ಅವಳು ನೋಡೋದೇ ಇಲ್ಲ."

ಇಷ್ಟು ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿರಲಿಲ್ಲ. ಶ್ರೀಪತಿಯವರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ನಮಗೆ ಕಾಫಿ ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ಫೈಲೆಲ್ಲ ಕಳಿಸ್ತೀನಿ, ಸದ್ಯಕ್ಕೆ ನೀವೇ ಮಾಡಿ," ಎಂದರು. ಕಣ್ಣಿನ ಆಸ್ಪತ್ರೆಗೆ ಅಲ್ಲಿಂದಲೇ ಫೋನು ಮಾಡಿ ಸೋಮವಾರ ಬೆಳಿಗ್ಗೆ ಸಮಯ ತೆಗೆದುಕೊಂಡೆ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಸ್ಕೂಟರಿನ ಬೀಗದ ಕೈ ನನ್ನ ಹತ್ತಿರ ಇರಲಿ ಎಂದೆ. ಹೆಡ್ಮಾಸ್ತರನ ದನಿಯಲ್ಲೇ ಹೇಳಿದೆನೆಂದು ಕಾಣುತ್ತದೆ, ಕೊಟ್ಟುಬಿಟ್ಟರು.

ಹೊಟ್ಟೆಕಿಚ್ಚು ಹೋಯಿತೇ ಎಂದು ನೀವು ಕೇಳಬಹುದು. ಇಲ್ಲ. ಆ ಕಾಫಿ ಇವತ್ತೂ ನಮ್ಮದಕ್ಕಿಂತ ಚೆನ್ನಾಗಿಯೇ ಇತ್ತು. ಹೊಸ ಕಣ್ಣು ಬಂದ ಮೇಲೆ ಅವರು ನನಗಿಂತ ಚೆನ್ನಾಗಿ ಅಚ್ಚು ಮಾಡುತ್ತಾರೆ, ಸುಮಿತ್ರ ಅಲ್ಲಿಗೆ ಹೋಗುತ್ತಾಳೆ, ಮರ್ಯಾದೆಯಿಂದ ಕುಳಿತು ಬರುತ್ತಾಳೆ. ಹೋಗಲಿ. ಜಗಳಕ್ಕೆ ಅವಳು ಇಲ್ಲಿಗೇ ಬರಬೇಕು.

ಮಧ್ಯಾಹ್ನ ಮೂರಕ್ಕೆ ಈರುಳ್ಳಿ ಸೀರೆಯ ಫೈಲು ಬಂತು. ನೀಲಿ ಇಳಿಸಿ ಅಚ್ಚು ಮಾಡಿ ಸುಮಿತ್ರಳ ಮುಂದಿಟ್ಟೆ.

"ಕೆಂಪು ಜಾಸ್ತಿ ಆಯ್ತು. ಇದು ತೊಳೆದ ಬೀಟ್‌ರೂಟು," ಎಂದು ಪಕ್ಕಕ್ಕೆ ತಳ್ಳಿದಳು.

"ಯಾವ ಈರುಳ್ಳಿ ಹೇಳು," ಎಂದೆ. "ಹೊಸದರ ಸಿಪ್ಪೆಯೋ, ಹಳೆಯದರದ್ದೋ?"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಹಳೆಯದು," ಎಂದಳು ನಿಧಾನವಾಗಿ. "ಬುಟ್ಟಿ ತಳದಲ್ಲಿ ಉಳಿದಿರತ್ತಲ್ಲ, ಒಣಗಿ, ಮುಟ್ಟಿದ್ರೆ ಪುಡಿಯಾಗೋದು. ಗುಲಾಬಿ ಇದೆ ಅನ್ನಿಸ್ಬೇಕು, ಕಣ್ಣಿಟ್ಟು ನೋಡಿದ್ರೆ ಇರಬಾರದು."

ಮತ್ತೆ ಮಾಡಿದೆ. ಅದೂ ಆಗಲಿಲ್ಲ, ಈ ಸಲ ಮಂಕು ಎಂದಳು, ನನ್ನ ಕಿವಿ ಕೆಂಪಾಗುವ ಹಾಗೆ ಇನ್ನೂ ಏನೇನೋ ಎಂದಳು. ನಾನೂ ಬಿಡಲಿಲ್ಲ, ನಿನಗೆ ಏನು ಮಾಡಿದರೂ ಸಮಾಧಾನವಿಲ್ಲ ಎಂದೆ. ಬೀದಿ ದೀಪ ಹತ್ತುವ ಮೊದಲು, ಕಿಟಕಿಯ ಬೆಳಕಿನಲ್ಲಿ ಇನ್ನೊಂದನ್ನು ಹಿಡಿದು ಅವಳು ಬಹಳ ಹೊತ್ತು ನೋಡಿದಳು. ಸರಿ ಎನ್ನಲಿಲ್ಲ. ಆಲ್ಬಮ್ ತೆರೆದು, ಹಿಂಬದಿಗೆ ಅಂಟು ಹಚ್ಚಿ, ಹಾಳೆಯ ಮೇಲಿಟ್ಟಳು. ಮೂಲೆಗಳು ಏಳದ ಹಾಗೆ ಒತ್ತಿ ಹಿಡಿದುಕೊಳ್ಳಿ, ನಾನು ಒಲೆ ನೋಡಿಕೊಂಡು ಬರ್ತೀನಿ ಎಂದಳು. ಅಂಟು ಒಣಗುವವರೆಗೆ ಹಿಡಿದುಕೊಂಡು ಕುಳಿತೆ.